ದೂರು ಮತ್ತು ದೂರ

ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ನನ್ನ ಅಲಾರಂ ಹೊಡೆಯುತ್ತದೆ. ಎದ್ದು ಮುಖಕ್ಕೆ ನೀರು ಹಾಕಿ, ಸೊಂಟಕ್ಕೆ ಪನೀರ್ ಚೂರುಗಳ ಚೀಲ ಕಟ್ಟಿಕೊಂಡು, ಬಾಗಿಲನ್ನು ಎರಡೇ ಬೆರಳಷ್ಟು ತೆರೆದು ಹೊರಗೆ ಇಣುಕುತ್ತೇನೆ. ಪೇಪರ್ ಹುಡುಗ ಇನ್ನೂ ಬಂದಿಲ್ಲ. ಹಾಲಿನ ಕ್ರೇಟಿನ ಸದ್ದಿಲ್ಲ. ಎದುರು ಮನೆಯ ಬಾಗಿಲು ಹಾಕಿದೆ. ಸರಿ, ಹೊರಡಬಹುದು. ಸಿಸಿಟಿವಿಯಲ್ಲಿ ನೋಡಿದವರು ಈ ಹುಡುಗಿ ತನ್ನ ಮನೆಯಲ್ಲೇ ಕದ್ದು ಓಡಿಹೋಗ್ತಿದ್ದಾಳೆ ಅಂದುಕೊಳ್ಳಬೇಕು, ಹಾಗಿರುತ್ತದೆ ನಮ್ಮ ಸವಾರಿ.

ನಮ್ಮ ಅಂದರೆ ನಾನು ಮತ್ತು ಸಾಸಿವೆ. ನಾಲ್ಕು ವರ್ಷದ, ಹದಿನಾರು ಕೆಜಿಯ ಕಪ್ಪು ನಾಯಿ. ಬೆಂಗಳೂರಿನಲ್ಲಿ ನಾಯಿ ಹಿಡಿದುಕೊಂಡು ನಡೆಯುವವರನ್ನು ಜನ ಎರಡೇ ಪ್ರಶ್ನೆ ಕೇಳುತ್ತಾರೆ. "ಯಾವ ಬ್ರೀಡು?" ಮತ್ತು "ಕಚ್ಚುತ್ತಾ?" ಮೊದಲನೆಯದಕ್ಕೆ "ನಮ್ ಬೀದೀದೇ" ಅಂತೀನಿ. ಎರಡನೆಯದಕ್ಕೆ ಹಿಂದೆಲ್ಲ "ಅಯ್ಯೋ, ಇಲ್ಲಪ್ಪ, ಪಾಪದ್ದು" ಅಂತಿದ್ದೆ. ಈಗ "ಕಚ್ಚಬಹುದು, ಸ್ವಲ್ಪ ದೂರ ಇರಿ" ಅಂತೀನಿ. ಈ ಎರಡು ಉತ್ತರಗಳ ನಡುವೆ ಏನೇನಾಯಿತು ಅನ್ನೋದೇ ಈ ಬರಹ.

ಅವಳು ಸಿಕ್ಕಿದ್ದು 2021ರ ಏಪ್ರಿಲ್ ಕೊನೆಯಲ್ಲಿ. ಎರಡನೇ ಅಲೆ. ಆಂಬುಲೆನ್ಸ್ ಸದ್ದು ಬಿಟ್ಟರೆ ರಸ್ತೆಯಲ್ಲಿ ಬೇರೇನೂ ಕೇಳದ ದಿನಗಳು. ನಮ್ಮ ಅಪಾರ್ಟ್‌ಮೆಂಟಿನ ಎದುರು ಕಟ್ಟುತ್ತಿದ್ದ ಬಿಲ್ಡಿಂಗಿನ ಕೆಲಸ ನಿಂತು, ಕೂಲಿಯವರೆಲ್ಲ ಊರಿಗೆ ಹೋಗಿ, ಮರಳಿನ ಗುಡ್ಡೆಯ ಮೇಲೆ ಈ ಮರಿಯೊಂದು ಉಳಿದಿತ್ತು. ಆರು ವಾರ ಆಗಿರಬಹುದು ಅಂದರು ಡಾಕ್ಟರು. ಸಣ್ಣದು, ಗುಂಡಗೆ, ಕರ್ರಗೆ. ಸಾಸಿವೆ ಅಂತ ಕರೆದೆ. ಆ ಹೆಸರಿನ ಪೂರ್ತಿ ಅರ್ಥ ಆಮೇಲೆ ಗೊತ್ತಾಯಿತು.

ನಾಯಿಮರಿಗಳಿಗೆ ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗಿನ ಕಾಲ ಬಹಳ ಮುಖ್ಯ. ಲೋಕದಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನೋದನ್ನ ಅವು ಆಗಲೇ ಕಲಿಯುತ್ತವೆ. ಗಡ್ಡದವರು, ಛತ್ರಿ ಹಿಡಿದವರು, ಹೆಲ್ಮೆಟ್ ಹಾಕಿದವರು, ಓಡುವ ಮಕ್ಕಳು, ಬೇರೆ ನಾಯಿಗಳು, ಎಲ್ಲವನ್ನೂ ಮೆಲ್ಲಗೆ ಆಗ ಪರಿಚಯ ಮಾಡಿಸಬೇಕು. ಸಾಸಿವೆಯ ಆ ವಾರಗಳೆಲ್ಲ ಲಾಕ್‌ಡೌನಿನಲ್ಲಿ, ನನ್ನ ಎರಡು ಕೋಣೆಯ ಮನೆಯೊಳಗೆ ಕಳೆದವು. ಲಸಿಕೆ ಮುಗಿಯೋವರೆಗೂ ನೆಲಕ್ಕೆ ಬಿಡಬೇಡಿ, ಪಾರ್ವೋ ಬರುತ್ತೆ ಅಂದಿದ್ದರು ಡಾಕ್ಟರು. ಅವಳು ನೋಡಿದ ಮನುಷ್ಯರೆಂದರೆ ನಾನೊಬ್ಬಳು, ಜೊತೆಗೆ ಲ್ಯಾಪ್‌ಟಾಪಿನೊಳಗೆ ಮಾತಾಡುವ ನನ್ನ ಟೀಮಿನ ಒಂಬತ್ತು ತಲೆಗಳು. ನನಗೂ ಆಗ ಅವಳೊಬ್ಬಳೇ. ಜನ ಇಲ್ಲದ ಲೋಕದಲ್ಲಿ ನಾವಿಬ್ಬರೂ ಸುಖವಾಗಿದ್ದೆವು. ಆಮೇಲೆ ಬಾಗಿಲುಗಳು ತೆರೆದವು, ಜನ ಹೊರಗೆ ಬಂದರು, ಅವಳಿಗೆ ಭೂಮಿ ಬಾಯಿಬಿಟ್ಟ ಹಾಗಾಯಿತು.

ಎಂಟು ತಿಂಗಳಾಗುವ ಹೊತ್ತಿಗೆ ಇನ್ನೊಂದು ನಾಯಿ ಕಂಡರೆ ಸಾಕು, ಬೆಲ್ಟಿನ ತುದಿಯಲ್ಲಿ ಎರಡು ಕಾಲ ಮೇಲೆ ನಿಂತು ಕೂಗುತ್ತಿದ್ದಳು. ಸ್ಕೂಟರಿಗೆ, ಸ್ವಿಗ್ಗಿ ಬ್ಯಾಗಿಗೆ, ವಾಕಿಂಗ್ ಸ್ಟಿಕ್ಕಿಗೆ. ಇಂಥ ನಾಯಿಗಳನ್ನು ರಿಯಾಕ್ಟಿವ್ ಅಂತಾರೆ. ಸಿಟ್ಟಿನ ನಾಯಿ ಅಂತಲ್ಲ. ಕಂಡದ್ದಕ್ಕೆ ಅಳತೆ ಮೀರಿ ಪ್ರತಿಕ್ರಿಯಿಸುವ ನಾಯಿ. ಅದರ ಬೇರು ಹೆಚ್ಚಿನ ಸಲ ಭಯ. ತಪ್ಪಿಸಿಕೊಂಡು ಓಡೋಣ ಅಂದರೆ ಕುತ್ತಿಗೆಯಲ್ಲಿ ಬೆಲ್ಟು, ಹಾಗಾಗಿ ಕೂಗಿ ಎದುರಿನವರನ್ನೇ ಓಡಿಸುವ ಉಪಾಯ. ಕೂಗಿದಾಗ ಎದುರಿನವರು ಸಹಜವಾಗಿಯೇ ಆಚೆ ಹೋಗುತ್ತಾರೆ. ಓಹೋ, ಕೂಗಿದ್ದಕ್ಕೇ ಹೋದರು ಅಂತ ನಾಯಿ ಪಾಠ ಕಲಿಯುತ್ತದೆ.

ಎಣ್ಣೆ ಕಾಯುವ ತನಕ ಸಾಸಿವೆ ಸುಮ್ಮನೆ ಬಾಣಲೆಯ ತಳದಲ್ಲಿ ಇರುತ್ತಲ್ಲ, ಹಾಗೆ. ಬೆಳಗ್ಗೆ ಕಸದ ಆಟೋ ಹಾಡು ಹಾಕಿಕೊಂಡು ಬಂತು, ಎಣ್ಣೆ ಸ್ವಲ್ಪ ಕಾಯಿತು. ಮೇಲಿನ ಮನೆಯಲ್ಲಿ ಡ್ರಿಲ್ಲಿಂಗ್, ಇನ್ನಷ್ಟು ಕಾಯಿತು. ಸಂಜೆ ಗೇಟಿನಲ್ಲಿ ಬೆಕ್ಕೊಂದು ಅಡ್ಡ ಹೋಯಿತು, ಚಟಪಟ. ನೋಡಿದವರು "ಒಂದು ಬೆಕ್ಕಿಗೆ ಇಷ್ಟೊಂದಾ?" ಅಂತಾರೆ. ಬೆಳಗ್ಗಿನಿಂದ ಉರಿಯುತ್ತಿದ್ದ ಒಲೆ ಅವರಿಗೆ ಹೇಗೆ ಕಾಣಬೇಕು?

ನನಗೂ ಕಾಣಲಿಲ್ಲ. ಟ್ರೈನರ್ ಒಬ್ಬನನ್ನು ಕರೆಸಿದೆ. "ಮೇಡಂ, ನೀವು ತುಂಬಾ ಮುದ್ದು ಮಾಡಿದ್ದೀರ. ಬಾಸ್ ಯಾರು ಅಂತ ತೋರಿಸಬೇಕು" ಅಂದ. ಕುತ್ತಿಗೆಗೆ ಬಿಗಿಯುವ ಸರಪಳಿ ಹಾಕಿ, ಗುರ್ ಅಂದಾಗಲೆಲ್ಲ ಜಗ್ಗಿದ. ನನಗೂ ಜಗ್ಗೋದು ಕಲಿಸಿದ. ಮೂರು ವಾರಕ್ಕೆ ಸಾಸಿವೆ ಗುರುಗುಟ್ಟುವುದು ನಿಂತಿತು. ನಾನು ಖುಷಿಯಾಗಿ ಅವನಿಗೆ ಐದು ಸ್ಟಾರ್ ಕೊಟ್ಟೆ. ಗುರ್ ಅನ್ನೋದು ನಾಯಿ ನಮಗೆ ಕೊಡುವ ಎಚ್ಚರಿಕೆ ಅಂತ ಯಾರೂ ಹೇಳಿರಲಿಲ್ಲ. ಭಯ ಇದ್ದಲ್ಲೇ ಇತ್ತು. ಅದನ್ನು ಹೇಳಿಕೊಳ್ಳುವ ಬಾಯಿಯನ್ನು ಮಾತ್ರ ನಾವು ಮುಚ್ಚಿಸಿದ್ದೆವು.

2023ರ ಜನವರಿಯ ಒಂದು ಬೆಳಗ್ಗೆ, ಆರೂವರೆ. ನಮ್ಮ ಲಿಫ್ಟು ಎರಡನೇ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಮಂಕಿ ಕ್ಯಾಪು, ಜರ್ಕಿನ್ನು ಹಾಕಿಕೊಂಡು 204ರ ಅಂಕಲ್ ನಿಂತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ದಿನಾ ವಾಕಿಂಗ್ ಹೋಗುವವರು. ಫೋನ್ ನೋಡುತ್ತಾ ಒಂದು ಹೆಜ್ಜೆ ಒಳಗಿಟ್ಟರು. ಗುರ್ ಇಲ್ಲ, ಬೌ ಇಲ್ಲ. ಸಾಸಿವೆ ನೇರ ಅವರ ತೋಳಿಗೇ ಹಾರಿದಳು.

ಜರ್ಕಿನ್ ದಪ್ಪಗಿದ್ದದ್ದು ಪುಣ್ಯ. ಆದರೂ ಮಣಿಕಟ್ಟಿನ ಹತ್ತಿರ ಹಲ್ಲು ತಗುಲಿ ಚರ್ಮ ಗೀರಿತ್ತು. ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಕ್ಲಿನಿಕ್ಕಿಗೆ ಹೋದೆವು. "ನಮ್ಮ ನಾಯಿಗೆ ಎಲ್ಲಾ ಇಂಜೆಕ್ಷನ್ ಆಗಿದೆ ಡಾಕ್ಟ್ರೇ" ಅಂತ ಕಾರ್ಡು ಮುಂದೆ ಹಿಡಿದೆ. ಅವರು ಕಾರ್ಡು ನೋಡಿ, ತಲೆಯಾಡಿಸಿ, ಆದರೂ ಚೀಟಿ ಬರೆದರು. ರೇಬೀಸ್ ವಿಷಯದಲ್ಲಿ ಇರಬಹುದು, ಇಲ್ಲದಿರಬಹುದು ಅನ್ನೋ ಲೆಕ್ಕ ನಡೆಯೋದಿಲ್ಲ. ರೋಗ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನಬೇಕು. ಐದು ಇಂಜೆಕ್ಷನ್: ಸೊನ್ನೆಯ ದಿನ, ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟು. ಹತ್ತು ದಿನ ನಾಯಿ ಚೆನ್ನಾಗಿದ್ದರೆ ಮುಂದಿನದನ್ನು ನೋಡೋಣ ಅಂದರು ಡಾಕ್ಟರು. ಆಂಟಿ ಒಪ್ಪಲಿಲ್ಲ. ಐದೂ ಆಗಲೇಬೇಕು.

ಐದೂ ಸಲ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮೊದಲ ಎರಡು ಸಲ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅವಳು ಬೇಕಂತ ಮಾಡಿದ್ದಲ್ಲ ಅಂಕಲ್, ಲಾಕ್‌ಡೌನಿನಲ್ಲಿ ಬೆಳೆದವಳು, ಲಿಫ್ಟು ಸಣ್ಣದು, ಓಡೋಕೆ ಜಾಗ ಇರಲಿಲ್ಲ, ಟೋಪಿ ನೋಡಿ ಬೆದರಿದಳು. ಆ ಹೊತ್ತಿಗೆ ರಾತ್ರಿಯೆಲ್ಲ ಕೂತು ರಿಯಾಕ್ಟಿವ್ ನಾಯಿಗಳ ಬಗ್ಗೆ ಓದಿದ್ದೆನಲ್ಲ, ಅಷ್ಟನ್ನೂ ಅವರ ಕಿವಿಗೆ ಸುರಿದೆ. ಅವರು "ಹೌದಾ" ಅಂತ ಕಿಟಕಿಯಾಚೆ ನೋಡುತ್ತಿದ್ದರು. ಏಳನೇ ದಿನ, ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹೇಳಿದರು.

"ಅದು ಹೆದರಿತ್ತು ಅಂತ ನನಗೆ ಅರ್ಥ ಆಯ್ತಮ್ಮ. ನಾನೂ ಹೆದರಿದ್ದೆ. ಅದು ನಿನಗೆ ಗೊತ್ತಾಯ್ತಾ?"

ಸಿಗ್ನಲ್ ಹಸಿರಾದದ್ದು ನನಗೆ ಗೊತ್ತಾಗಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು.

ಆಮೇಲೆ ಅವರೇ ಮುಂದುವರಿಸಿದರು. ಆವತ್ತಿನಿಂದ ಲಿಫ್ಟಿನ ಬಟನ್ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾರಂತೆ. ವಾಕಿಂಗ್ ಬಿಟ್ಟಿದ್ದಾರಂತೆ. ರಾತ್ರಿ ಎಲ್ಲಾದರೂ ನಾಯಿ ಬೊಗಳಿದರೆ ಎಚ್ಚರ ಆಗುತ್ತಂತೆ. ನಾಚಿಕೆ ಪಡುತ್ತಾ ಹೇಳಿಕೊಂಡರು. ಅರವತ್ತೆಂಟು ವರ್ಷದ ಗಂಡಸು ನಾಯಿಗೆ ಹೆದರ್ತೀನಿ ಅನ್ನೋದು ಅವಮಾನ ಅನ್ನುವ ಹಾಗೆ. ನಾನು ಸಾಸಿವೆಯ ಭಯದ ಬಗ್ಗೆ ಗಂಟೆಗಟ್ಟಲೆ ಓದಿದ್ದೆ. ಅವಳು ತುಟಿ ನೆಕ್ಕಿದರೆ ಏನರ್ಥ, ನಿದ್ದೆ ಬರದಿದ್ದರೂ ಆಕಳಿಸಿದರೆ ಏನರ್ಥ, ಕಣ್ಣಿನ ಬಿಳಿ ಕಂಡರೆ ಏನರ್ಥ, ಎಲ್ಲ ಬಾಯಿಪಾಠ. ಪಕ್ಕದ ಸೀಟಿನಲ್ಲಿ ಕೂತ ಮನುಷ್ಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡೇ ಕೂತಿದ್ದನ್ನು ಮಾತ್ರ ಮೂರು ಸಲ ಕರೆದುಕೊಂಡು ಹೋದರೂ ನೋಡಿರಲಿಲ್ಲ.

ಅಷ್ಟರಲ್ಲಿ ಆಂಟಿ ಅಸೋಸಿಯೇಷನ್ನಿಗೆ ದೂರು ಕೊಟ್ಟಿದ್ದರು. ಭಾನುವಾರ ಮೀಟಿಂಗು. ನಾನು ಬ್ಯಾಗಿನಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಿಂಟೌಟ್ ಇಟ್ಟುಕೊಂಡು ಹೋದೆ. ನಿವಾಸಿಗಳ ಸಂಘ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಅಂತ ಅದರಲ್ಲಿದೆ. ಆ ಸಾಲಿಗೆ ಹಳದಿ ಹೈಲೈಟರ್ ಬಳಿದಿದ್ದೆ. ಯಾರಾದರೂ "ನಾಯಿ ಕಳಿಸಿ" ಅಂದರೆ ತೆಗೆದು ಟೇಬಲ್ ಮೇಲೆ ಬಡಿಯೋದು ಅಂತ ಲೆಕ್ಕ. ಅಂದರು ಕೂಡ. ಒಬ್ಬರು ಬೀದಿನಾಯಿಗಳನ್ನೆಲ್ಲ ಬೈದರು, ಇನ್ನೊಬ್ಬರು ನಾಯಿ ದ್ವೇಷಿಗಳನ್ನು ಬೈದರು. ಈ ಊರಿನಲ್ಲಿ ನಾಯಿ ವಿಷಯ ಬಂದರೆ ಎರಡೇ ಪಾರ್ಟಿ, ಮಧ್ಯೆ ನಿಲ್ಲೋಕೆ ಜಾಗವೇ ಇಲ್ಲ. ಅಂಕಲ್ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು.

ಪ್ರಿಂಟೌಟ್ ಬ್ಯಾಗಿನಲ್ಲೇ ಉಳಿಯಿತು. ನಾನು ಎದ್ದು ನಿಂತು ಹೇಳಿದ್ದು ಇಷ್ಟು: ಇನ್ನು ಅವಳನ್ನು ಲಿಫ್ಟಿಗೆ ಹತ್ತಿಸೋದಿಲ್ಲ. ಮೂರನೇ ಮಹಡಿಯಿಂದ ಮೆಟ್ಟಿಲಲ್ಲೇ ಇಳಿಸ್ತೀನಿ. ಮನೆಯಿಂದ ಹೊರಗೆ ಬಾಯಿಗೆ ಬುಟ್ಟಿ ಇಲ್ಲದೆ ಕರೆತರೋದಿಲ್ಲ. ಬೆಳಗ್ಗೆ ಐದಕ್ಕೆ, ರಾತ್ರಿ ಹನ್ನೊಂದಕ್ಕೆ ಮಾತ್ರ ಗೇಟು ದಾಟ್ತೀವಿ. ಆರು ತಿಂಗಳು ಟೈಮ್ ಕೊಡಿ. ಹೇಳುವಾಗ ಗಂಟಲು ಕಟ್ಟಿತ್ತು. ಟೈಮ್ ಕೊಟ್ಟರು.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ನಮ್ಮದು ತೀರ್ಥಹಳ್ಳಿ ಕಡೆ ಒಂದು ತೋಟದ ಮನೆ. "ಎಂಥದ್ದೇ ಮಾರಾಯ್ತಿ ಅದಕ್ಕೆ ಅಳೋದು? ತಂದು ಇಲ್ಲಿ ಬಿಡು. ಇಲ್ಲಿ ಯಾರು ಬರ್ತಾರೆ?" ಅಂದರು. ನಿಜ ಹೇಳಬೇಕೆಂದರೆ ನಾನು ಒಪ್ಪಿದ್ದೆ. ಅವಳ ಹಾಸಿಗೆ ಮಡಚಿ, ತಟ್ಟೆ ತೊಳೆದು ಚೀಲಕ್ಕೆ ಹಾಕಿದ್ದೆ. ಐದು ಗಂಟೆಗೆ ಏಳಬೇಕಿಲ್ಲ, ಟ್ರಿಪ್ಪಿಗೆ ಹೋಗಬಹುದು, ಗೆಳತಿಯರನ್ನು ಮನೆಗೆ ಕರೆಯಬಹುದು. ಎರಡು ವರ್ಷದಿಂದ ನನ್ನ ಮನೆಗೆ ಯಾರೂ ಬಂದಿರಲಿಲ್ಲ. ಆ ರಾತ್ರಿ ನನಗೆ ದುಃಖಕ್ಕಿಂತ ಹಗುರ ಅನ್ನಿಸಿತ್ತು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಕರೆದುಕೊಂಡು ಹೋದೆ. ಅಲ್ಲಿ ನಾಲ್ಕು ದಿನ ಇದ್ದೆವು. ತೋಟಕ್ಕೆ ಕೊನೆ ಕೊಯ್ಯುವವರು ಬಂದರು, ಪೋಸ್ಟಿನವರು ಬಂದರು, ಪಕ್ಕದ ಮನೆ ನಾಯಿಗಳು ಬಂದವು. ಬಿಟ್ಟರೆ ಯಾರಿಗಾದರೂ ಹಾರುತ್ತಾಳೆ, ಬಿಡದಿದ್ದರೆ ಕಂಬಕ್ಕೆ ಕಟ್ಟಬೇಕು. ರಾತ್ರಿ ಹೊರಗೆ ಕಟ್ಟೋಣ ಅಂದರೆ ಚಿರತೆ ಕಾಟ. ಊರು ಅಂದರೆ ಯಾರೂ ಬರದ ಜಾಗ ಅನ್ನೋದು ಅಮ್ಮನ ಪ್ರೀತಿಯ ಸುಳ್ಳಾಗಿತ್ತು. ನಾಲ್ಕನೇ ದಿನ ಸಾಸಿವೆ ಕೊಟ್ಟಿಗೆಯ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದನ್ನು ನೋಡಿ ಅಮ್ಮನೇ ಹೇಳಿದರು.

"ನಮ್ಮ ಗೌರಿ ಚೊಚ್ಚಲು ಕರು ಹಾಕಿದಾಗ ಹೀಂಗೇ ಆಗಿತ್ತು ಕಣೇ. ಕರೆಯೋಕೆ ಕೂತ್ರೆ ಝಾಡಿಸಿ ಒದೀತಿತ್ತು. ನಿಮ್ಮಪ್ಪ ಕಾಲಿಗೆ ಹಗ್ಗ ಬಿಗಿದ್ರು. ಮಾರನೇ ದಿನದಿಂದ ಚೆಂಬು ಕಂಡ್ರೇ ನಡುಗೋಕೆ ಶುರು. ಆಮೇಲೆ ನಾನು ಹಗ್ಗ ಬಿಚ್ಚಿಸ್ದೆ. ಕರು ಕುಡ್ಕಳ್ಳಿ ಅಂತ ಬಿಟ್ಟು, ಚೆಂಬನ್ನ ಕೊಟ್ಟಿಗೆ ಬಾಗಿಲಲ್ಲಿ ಇಟ್ಟು, ಅದಕ್ಕೆ ಕಾಣೋ ಹಾಗೆ, ಹಿಂಡಿ ತಿನ್ನಿಸ್ತಿದ್ದೆ. ದಿನಾ ಚೆಂಬು ಒಂದೊಂದು ಗೇಣು ಹತ್ರ. ಹದಿನೈದು ದಿನ ಹಿಡೀತು ನೋಡು."

ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಬೆಂಗಳೂರಿಗೆ ಹಿಂತಿರುಗಿದ ಮೇಲೆ ಎರಡನೇ ಟ್ರೈನರ್ ಮೇಡಂ ಗಂಟೆಗೆ ಎರಡು ಸಾವಿರ ತೆಗೆದುಕೊಂಡು ಹೇಳಿಕೊಟ್ಟದ್ದೂ ಇದನ್ನೇ. ಹೈಸ್ಕೂಲಿನಲ್ಲಿ ಓದಿದ ಪಾವ್ಲೋವನ ನಾಯಿಯ ತತ್ವವೂ ಇದೇ. ಹೆದರಿಕೆಯ ವಸ್ತು ಕಾಣಬೇಕು, ಆದರೆ ಹೆದರಿಕೆ ಆಗದಷ್ಟು ದೂರದಲ್ಲಿ. ಕಂಡ ತಕ್ಷಣ ಬಾಯಿಗೆ ರುಚಿಯಾದದ್ದು ಬೀಳಬೇಕು. ಕ್ರಮ ತಪ್ಪಬಾರದು. ಮೊದಲು ನಾಯಿ ಕಾಣಬೇಕು, ಆಮೇಲೆ ಪನೀರ್. ಮೊದಲೇ ಪನೀರ್ ತೋರಿಸಿದರೆ ಪನೀರೇ ಅಪಾಯದ ಸೂಚನೆಯಾಗಿಬಿಡುತ್ತದೆ.

ಮೇಡಂ ಮೊದಲು ಮಾಡಿಸಿದ್ದು ನೋವಿನ ತಪಾಸಣೆ. ಕಿವಿ, ಹಲ್ಲು, ಸೊಂಟ. ಎಲ್ಲೋ ನೋವಿದ್ದರೂ ನಾಯಿ ಹೀಗೆ ಆಡಬಹುದು. ನೋವಿರಲಿಲ್ಲ. ಡಾಕ್ಟರು ಫ್ಲುಯೋಕ್ಸೆಟಿನ್ ಬರೆದುಕೊಟ್ಟರು, ಮನುಷ್ಯರಿಗೂ ಕೊಡುವಂಥದ್ದೇ. ಕೆಲಸ ಮಾಡೋಕೆ ನಾಲ್ಕಾರು ವಾರ ಬೇಕು ಅಂದರು. ಬಾಯಿಬುಟ್ಟಿಯನ್ನು ಒಂದೇ ದಿನ ಮೂತಿಗೆ ಕಟ್ಟಲಿಲ್ಲ. ಅದರ ತಳಕ್ಕೆ ಮೊಸರು ಸವರಿ, ಅವಳೇ ಮೂತಿ ತೂರಿಸುವ ತನಕ ಮೂರು ವಾರ ಕಾದೆ. ಬಾಯಿ ತೆರೆದು ಉಸಿರಾಡಲು, ನೀರು ಕುಡಿಯಲು ಆಗುವಂಥ ಬುಟ್ಟಿ ಅದು. ವಿಡಿಯೋ ಕಾಲಿನಲ್ಲಿ ನೋಡಿ ಅಮ್ಮ, "ಗದ್ದೆ ಹೂಡೋ ಎತ್ತಿಗೆ ಕಟ್ತಿದ್ವಲ್ಲ, ಅದೇ ಕುಕ್ಕೆ" ಅಂದರು.

ಆಮೇಲೆ ದೂರ ಅಳೆಯುವ ಕೆಲಸ. ಇನ್ನೊಂದು ನಾಯಿಯನ್ನು ನೋಡಿಯೂ ಸಾಸಿವೆ ಪನೀರ್ ತಿನ್ನಬಲ್ಲಳು ಅನ್ನುವ ಅಂತರ ಮೊದಲ ತಿಂಗಳು ನಲವತ್ತು ಹೆಜ್ಜೆ. ನಲವತ್ತು ಹೆಜ್ಜೆ ಖಾಲಿ ಜಾಗ ಈ ಬೆಂಗಳೂರಿನಲ್ಲಿ ಎಲ್ಲಿದೆ ಸ್ವಾಮಿ? ವಿದೇಶದ ವಿಡಿಯೋಗಳಲ್ಲಿ ಹಸಿರು ಮೈದಾನದ ಆ ತುದಿಯಲ್ಲಿ ಒಂದೇ ಒಂದು ನಾಯಿ ಬೆಲ್ಟು ಹಾಕಿಕೊಂಡು ನಿಂತಿರುತ್ತದೆ. ನಮ್ಮ ಬೀದಿಯಲ್ಲಿ ಟೀ ಅಂಗಡಿ ಮುಂದೆ ಮೂರು, ಟ್ರಾನ್ಸ್‌ಫಾರ್ಮರ್ ಕೆಳಗೆ ಎರಡು, ದೇವಸ್ಥಾನದ ಮೂಲೆಯಲ್ಲಿ ಒಂದು ಕುಂಟು. ಯಾವುದಕ್ಕೂ ಬೆಲ್ಟಿಲ್ಲ, ಎಲ್ಲವೂ ಬಂದು ಮೂಸಿ ನೋಡುವವೇ. ಯಾವ ಗ್ಯಾಂಗು ಎಷ್ಟು ಹೊತ್ತಿಗೆ ಎಲ್ಲಿ ಮಲಗುತ್ತದೆ ಅಂತ ನನ್ನ ಫೋನಿನಲ್ಲಿ ಒಂದು ಪಟ್ಟಿಯೇ ಇದೆ. ನಿಂತ ಕಾರುಗಳ ಮರೆ ಹಿಡಿಯೋದು, ಅರ್ಧ ದಾರಿಯಲ್ಲಿ ಹಿಂತಿರುಗೋದು, ಕಾಂಪೌಂಡ್ ಗೋಡೆಗೆ ಬೆನ್ನು ಹಾಕಿ ನಿಲ್ಲೋದು, ಇವೆಲ್ಲ ಕಲಿತೆ. ಎಣ್ಣೆ ಕಾದ ದಿನ ವಾಕಿಂಗೇ ಬೇಡ. ಹಳೇ ಬೆಡ್‌ಶೀಟಿನ ಮಡಿಕೆಗಳಲ್ಲಿ ಊಟದ ಕಾಳು ಬಚ್ಚಿಟ್ಟು ಹುಡುಕಲು ಬಿಟ್ಟರೆ, ಅರ್ಧ ಗಂಟೆಯ ಮೂಗಿನ ಕೆಲಸಕ್ಕೆ ಸುಸ್ತಾಗಿ ಮಲಗುತ್ತಾಳೆ.

ಯಾವುದೋ ಒಂದು ರಾತ್ರಿ ಹೆಜ್ಜೆ ಎಣಿಸುತ್ತಾ ಹೊಳೆಯಿತು. ದೂರು ಬಂದದ್ದೇ ನಾನು ದೂರ ಇಡದೆ ಹೋದದ್ದರಿಂದ. ನನ್ನ ನಾಯಿ ಎಲ್ಲರಿಗೂ ಇಷ್ಟ ಆಗಬೇಕು, ಅವಳೂ ಎಲ್ಲರನ್ನೂ ಇಷ್ಟಪಡಬೇಕು ಅಂತ ಇಬ್ಬರನ್ನೂ ಹತ್ತಿರ ಹತ್ತಿರ ನೂಕಿದ್ದೆ. ಅವಳಿಗೂ ಅಂಕಲ್‌ಗೂ ಬೇಕಿದ್ದದ್ದು ಒಂದೇ, ನಾಲ್ಕು ಮಾರು ಜಾಗ. ಇಬ್ಬರಿಗೂ ಅದನ್ನು ಕೊಡಿಸಬಹುದಾಗಿದ್ದವಳು ನಾನೊಬ್ಬಳೇ.

ನಲವತ್ತು ಹೆಜ್ಜೆ ಮೂವತ್ತಾಗೋಕೆ ಐದು ತಿಂಗಳು ಬೇಕಾಯಿತು. ದೀಪಾವಳಿ ಬಂತು. ಪಟಾಕಿಗೆ ರಾತ್ರಿ ಎಂಟರಿಂದ ಹತ್ತು ಅಂತ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದ್ದರೂ ನಮ್ಮ ಬೀದಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮೂರೇ ದಿನದಲ್ಲಿ ಮತ್ತೆ ನಲವತ್ತೈದು. ಬಾತ್‌ರೂಮಿನಲ್ಲಿ ಅವಳ ಪಕ್ಕ ಕೂತು ಅತ್ತೆ. ಮತ್ತೆ ಮೊದಲಿಂದ ಎಣಿಸಿದೆ. ಈಗ ಹದಿನೈದು ಹೆಜ್ಜೆ. ಒಳ್ಳೆಯ ದಿನ ಹನ್ನೆರಡು. ಮುಂದೆ ಸೊನ್ನೆ ಆಗುತ್ತಾ? ಆಗಲ್ಲ. ಅವಳು ಕೆಫೆಯ ಟೇಬಲ್ ಕೆಳಗೆ ಮಲಗುವ ನಾಯಿ ಆಗೋದಿಲ್ಲ. ಬುಟ್ಟಿ ಇಲ್ಲದೆ ಇವತ್ತಿಗೂ ಹೊರಗೆ ಹೋಗುವುದಿಲ್ಲ. ಆದರೆ ಕಳೆದ ವರ್ಷ ಅವಳು ಮತ್ತೆ ಗುರ್ ಅನ್ನೋಕೆ ಶುರು ಮಾಡಿದಳು. ಮನೆಗೆ ಪ್ಲಂಬರ್ ಬಂದಾಗ, ರೂಮಿನ ಬಾಗಿಲ ಹಿಂದಿನಿಂದ, ಮೆಲ್ಲಗೆ. ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ ಪ್ಲಂಬರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ.

ಅಂಕಲ್ ಆ ವರ್ಷದ ಬೇಸಿಗೆಯಿಂದ ಮತ್ತೆ ವಾಕಿಂಗ್ ಹೋಗುತ್ತಿದ್ದಾರೆ. ಲಿಫ್ಟು ಬಿಟ್ಟು ಅವರೂ ಮೆಟ್ಟಿಲು ಹಿಡಿದಿದ್ದಾರೆ, ಮಂಡಿಗೆ ಒಳ್ಳೇದಂತೆ. ಸಾಸಿವೆಯನ್ನು ಅವರು ಮುಟ್ಟಿಲ್ಲ, ನಾನು ಮುಟ್ಟಿ ಅಂದೂ ಇಲ್ಲ. ಆಂಟಿ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ಅದು ಅವರ ಹಕ್ಕು.

ಒಂದು ವಿಷಯ ಮಾತ್ರ ನಾನು ತಡವಾಗಿ ಗಮನಿಸಿದೆ. ಅಂಕಲ್‌ಗೆ ನೆಗಡಿ ಇರುವುದಿಲ್ಲ, ಆದರೂ ಎರಡನೇ ಮಹಡಿಯ ತಿರುವು ಬರುವ ಮೊದಲು ಜೋರಾಗಿ ಎರಡು ಸಲ ಕೆಮ್ಮುತ್ತಾರೆ. ಮೊದಮೊದಲು ಧೂಳಿಗಿರಬೇಕು ಅಂದುಕೊಂಡಿದ್ದೆ. ಮಳೆಗಾಲದಲ್ಲೂ ಅದೇ ಕೆಮ್ಮು. ಕೆಮ್ಮು ಕೇಳಿದ ಕೂಡಲೇ ನಾನು ಮೂರನೇ ಮಹಡಿಯ ಕಿಟಕಿ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ಅವರು ಗೋಡೆ ಕಡೆಗೆ ಮುಖ ಮಾಡಿ, ನಿಧಾನವಾಗಿ, ಕೆಳಗೆ ಇಳಿದುಹೋಗುತ್ತಾರೆ.

ಸಾಸಿವೆ ಆ ಕೆಮ್ಮು ಕೇಳಿದರೆ ಈಗ ಕಿವಿ ನಿಮಿರಿಸಿ, ಮೆಟ್ಟಿಲನ್ನೊಮ್ಮೆ ನೋಡಿ, ಆಮೇಲೆ ತಿರುಗಿ ನನ್ನ ಸೊಂಟದ ಚೀಲವನ್ನು ನೋಡುತ್ತಾಳೆ.